ಮಗಳ ಮೊಣಕಾಲಿನ ಚಿತ್ರಗಳು

ನನ್ನ ಮಗಳು ಎಡಗಾಲನ್ನು ಸರಿಯಾಗಿ ಊರುತ್ತಿಲ್ಲ ಎಂಬುದನ್ನು ಮೊದಲು ಗಮನಿಸಿದವರು ಅತ್ತೆ. ಮಗಳಿಗಾಗ ಒಂದೂವರೆ ವರ್ಷ ತುಂಬುತ್ತಿತ್ತು. ನಡೆಯಲು ಕಲಿತು ಕೆಲವೇ ತಿಂಗಳಾಗಿತ್ತು. ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಅತ್ತೆ ಅಡುಗೆಮನೆಯಿಂದಲೇ ಕೂಗಿ ಹೇಳಿದರು.

"ಮಗು ಯಾಕೋ ಎಡಗಾಲ್ ಊರ್ತಾ ಇಲ್ಲ ಕಣವ್ವ. ಬೆಳಿಗ್ಗಿಂದ ಇಂಗೇ ವಾಲ್ಕೊಂಡು ನಡೀತದೆ. ಒಸಿ ನೋಡು."

ನೋಡಿದೆ. ಮಗಳು ಸೋಫಾ ಹಿಡಿದು ಎದ್ದು, ಬಲಗಾಲನ್ನು ಗಟ್ಟಿಯಾಗಿ ಊರಿ, ಎಡಗಾಲನ್ನು ನೆಲಕ್ಕೆ ತಾಗಿಸಿದ ಕೂಡಲೇ ಎತ್ತಿಬಿಡುತ್ತಿದ್ದಳು. ಅಳು ಇರಲಿಲ್ಲ, ಜ್ವರ ಇರಲಿಲ್ಲ. ಟಿವಿ ಸ್ಟ್ಯಾಂಡಿನವರೆಗೆ ಹೋಗಿ ರಿಮೋಟ್ ಎತ್ತಿಕೊಂಡು ನನ್ನತ್ತ ತಿರುಗಿ ನಕ್ಕಳು. ಎಲ್ಲೋ ಉಳುಕಿರಬೇಕು ಅಂದುಕೊಂಡೆ. ನನ್ನ ಗಂಡ ಹೊಸ ಬೂಟು ಕಚ್ಚುತ್ತಿರಬೇಕು ಅಂದರು. ಅತ್ತೆ ಮಾರನೆಯ ದಿನದಿಂದ ಹರಳೆಣ್ಣೆ ಬಿಸಿ ಮಾಡಿ ಹಚ್ಚತೊಡಗಿದರು.

ನಮ್ಮದು ತಣಿಸಂದ್ರ. ಗಂಡನ ಮನೆಯವರು ಆ ಊರು ಊರಾಗಿದ್ದ ಕಾಲದಿಂದಲೂ ಅಲ್ಲೇ ಇದ್ದವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಮನೆ ಇದೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಗಂಡನಿಗೆ ಮೇನ್ ರೋಡಿನಲ್ಲಿ ಟೈಲ್ಸ್ ಅಂಗಡಿ. ನನಗೆ ಆರ್.ಟಿ. ನಗರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೆಲಸ. ಮದುವೆಗೆ ಮೊದಲಿನಿಂದಲೂ ನಾನು ಎಕ್ಸ್-ರೇ ತೆಗೆಯುತ್ತೇನೆ. ಬಿದ್ದವರ ಕೈಕಾಲು, ಕೆಮ್ಮುವವರ ಎದೆ, ಕುತ್ತಿಗೆ ನೋವಿನವರ ಕುತ್ತಿಗೆ. ಚಿತ್ರ ತೆಗೆಯುವುದಷ್ಟೇ ನನ್ನ ಕೆಲಸ. ಅದನ್ನು ಓದಿ ವರದಿ ಬರೆಯುವ ಡಾಕ್ಟರು ಮೇಲಿನ ಮಹಡಿಯಲ್ಲಿ ಕೂರುತ್ತಾರೆ. ನಮ್ಮಂಥವರು ಪೇಷಂಟಿಗೆ ಏನನ್ನೂ ಹೇಳಬಾರದು ಎಂಬುದು ಸೇರಿದ ಮೊದಲ ದಿನವೇ ಕಲಿಸುವ ಪಾಠ. ಹೇಳಬಾರದು ಅಂದರೆ ಬಾಯಲ್ಲಿ ಮಾತ್ರವಲ್ಲ, ಮುಖದಲ್ಲೂ ಹೇಳಬಾರದು. ನಾನು ಅದನ್ನು ಚೆನ್ನಾಗಿ ಕಲಿತಿದ್ದೆ.

ಎಣ್ಣೆಯಿಂದ ಏನೂ ಆಗಲಿಲ್ಲ. ಲೇಔಟಿನ ಮಕ್ಕಳ ಡಾಕ್ಟರು ನೋವಿನ ಸಿರಪ್ ಕೊಟ್ಟರು. ಸಿರಪ್ ಕುಡಿದಾಗ ಕುಂಟು ಕಡಿಮೆಯಾಗುತ್ತಿತ್ತು, ನಿಲ್ಲಿಸಿದರೆ ಮರಳುತ್ತಿತ್ತು. ಒಂದು ಸಂಜೆ ಸ್ನಾನ ಮಾಡಿಸುವಾಗ ಮೊಣಕಾಲಿನ ಕೆಳಗೆ, ಒಳಬದಿಯಲ್ಲಿ, ಸ್ವಲ್ಪ ಊತ ಕೈಗೆ ಸಿಕ್ಕಿತು. ಕೆಂಪಾಗಿರಲಿಲ್ಲ. ಇನ್ನೊಂದು ಕಾಲಿಗಿಂತ ಒಂದಿಷ್ಟು ಬೆಚ್ಚಗಿತ್ತು. ಮರುದಿನ ಅತ್ತೆಗೆ, ಮಧ್ಯಾಹ್ನ ಮಗಳನ್ನು ಆಟೋದಲ್ಲಿ ಸೆಂಟರಿಗೇ ಕರೆದುಕೊಂಡು ಬನ್ನಿ ಎಂದು ಹೇಳಿ ಹೋದೆ. ಊಟದ ಹೊತ್ತಿನ ನಂತರ ಅಲ್ಲಿ ಜನ ಕಡಿಮೆ.

ಮಕ್ಕಳನ್ನು ಹಿಡಿಯುವುದು ನನಗೆ ಅಭ್ಯಾಸ. ಮಗುವಿನ ತಾಯಿಗೆ ಸೀಸದ ಏಪ್ರನ್ ಹಾಕಿಸಿ, ಭುಜ ಹಿಡಿದುಕೊಳ್ಳಲು ಹೇಳಿ, ನಾನು ಕಾಲನ್ನು ನೇರ ಮಾಡಿ, ಓಡಿಹೋಗಿ ಬಟನ್ ಒತ್ತುತ್ತೇನೆ. ಅವತ್ತು ಏಪ್ರನ್ ಅತ್ತೆಗೆ ಹಾಕಿಸಿದೆ. ಅದರ ಭಾರಕ್ಕೆ ಅವರು ಬಾಗಿದರು. "ಇದೇನವ್ವ, ಕಲ್ ಒತ್ಕೊಂಡಂಗೆ ಅಯ್ತೆ" ಅಂದರು. ಮಗಳು ಮೇಲಿನ ದೀಪವನ್ನು ನೋಡುತ್ತಾ ಸುಮ್ಮನೆ ಮಲಗಿದ್ದಳು. ನನ್ನ ಕೈಯ ಪರಿಚಯವಿದ್ದುದಕ್ಕೋ ಏನೋ, ಒಂದೇ ಸಲಕ್ಕೆ ಚಿತ್ರ ಸಿಕ್ಕಿತು.

ಈಗಿನ ಯಂತ್ರಗಳಲ್ಲಿ ಕಾಯುವ ಹಾಗಿಲ್ಲ. ಬಟನ್ ಒತ್ತಿ ಉಸಿರು ಬಿಡುವಷ್ಟರಲ್ಲಿ ಚಿತ್ರ ಪರದೆಯ ಮೇಲೆ ಬಂದುಬಿಡುತ್ತದೆ. ಕಣಕಾಲಿನ ಮೂಳೆಯ ಮೇಲ್ತುದಿಯಲ್ಲಿ, ಮೂಳೆ ಬೆಳೆಯುವ ಗೆರೆಗೆ ತಾಗಿಕೊಂಡು, ಒಂದು ಗುಂಡಗಿನ ಕಪ್ಪು ತೂತಿತ್ತು. ಕಡಲೆಕಾಳಿನಷ್ಟು. ಮೂಳೆ ಇರಬೇಕಾದ ಜಾಗದಲ್ಲಿ ಮೂಳೆ ಇರಲಿಲ್ಲ.

ಮಕ್ಕಳ ಮೂಳೆಯಲ್ಲಿ ಅಂಥ ತೂತನ್ನು ನಾನು ಮೊದಲೂ ಕಂಡಿದ್ದೆ. ಆ ಮಕ್ಕಳನ್ನು ಎಲ್ಲಿಗೆ ಕಳಿಸಿದರು, ಮುಂದೆ ಅವರ ತಲೆಕೂದಲು ಏನಾಯಿತು ಎಂಬುದೂ ಗೊತ್ತಿತ್ತು. ನಾನು ಮೌಸ್ ಹಿಡಿದು ಚಿತ್ರದ ಬೆಳಕನ್ನು ಸ್ವಲ್ಪ ಸರಿಪಡಿಸಿದೆ. ಎಡ ಎಂದು ಗುರುತು ಹಾಕಿದೆ. ಪಕ್ಕದಿಂದಲೂ ಒಂದು ಚಿತ್ರ ತೆಗೆದೆ. ಮೇಲಕ್ಕೆ ಕಳಿಸಿದೆ. ಅತ್ತೆಯ ಏಪ್ರನ್ ಬಿಚ್ಚಿ ಗೂಟಕ್ಕೆ ಸಿಕ್ಕಿಸಿದೆ.

"ಏನಾರ ಅಯ್ತಾ?" ಅಂದರು ಅತ್ತೆ.

"ಡಾಕ್ಟರ್ ನೋಡಿ ಹೇಳ್ತಾರೆ ಅತ್ತೆ. ಹೊರಗೆ ಕೂತಿರಿ."

ದಿನವೂ ಹೇಳುವ ಮಾತೇ ಅದು. ಅದೇ ದನಿಯಲ್ಲಿ ಬಂತು. ಅತ್ತೆ ನಂಬಿದರು. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಇಂಟರ್‌ಕಾಮ್ ಬಡಿದುಕೊಂಡಿತು. ನಮ್ಮ ಡಾಕ್ಟರು ವಯಸ್ಸಾದವರು, ಹೆಚ್ಚು ಮಾತಿಲ್ಲದವರು.

"ಈಗ ಕಳಿಸಿದ ಮಗು ಇನ್ನೂ ಅಲ್ಲೇ ಇದ್ಯಾ? ಕಳಿಸ್ಬೇಡಿ. ಎಂ.ಆರ್.ಐ ಮಾಡಿಸ್ಲೇಬೇಕು. ಜೊತೇಲಿ ಯಾರಿದಾರೆ?"

"ಸರ್, ಅದು ನನ್ನ ಮಗಳು."

"ಮೇಲೆ ಬಾಮ್ಮ" ಅಂದರು. ಅಲ್ಲಿಯವರೆಗೆ ಅವರು ನನ್ನನ್ನು ಏಕವಚನದಲ್ಲಿ ಕರೆದವರಲ್ಲ.

ಅವರು ತೂತಿನ ಅಂಚನ್ನು ಪೆನ್ನಿನ ತುದಿಯಿಂದ ತೋರಿಸಿದರು. ಅಂಚು ಸ್ಪಷ್ಟವಾಗಿದೆ, ಹಾಗಾಗಿ ಇದು ನಿಧಾನದ್ದು, ಕೀವು ಇರಬಹುದು, ಗೆಡ್ಡೆಯೂ ಇರಬಹುದು, ಬರಿ ಎಕ್ಸ್-ರೇ ನೋಡಿ ಹೇಳುವುದು ಸರಿಯಲ್ಲ ಅಂದರು. ಗೆಡ್ಡೆ ಅನ್ನುವ ಮಾತನ್ನು ಮೆಲ್ಲಗೆ ಹೇಳಿದರು. ನಾನು "ಸರಿ ಸರ್" ಅಂದೆ. ಕೆಳಗಿಳಿದು ಬಂದು, ಸಾಲಿನಲ್ಲಿದ್ದ ಇನ್ನೊಬ್ಬರ ಸೊಂಟದ ಎಕ್ಸ್-ರೇ ತೆಗೆದೆ. ಯಾರೂ ನನ್ನನ್ನು ಹಾಗೆ ಮಾಡು ಅಂದಿರಲಿಲ್ಲ. ಆ ಅಜ್ಜ ಬಹಳ ಹೊತ್ತಿನಿಂದ ಕಾಯುತ್ತಿದ್ದರು, ಅಷ್ಟೆ.

ಗಂಡನಿಗೆ ಹೇಳಿದ್ದು ಸಂಜೆ, ಅಂಗಡಿಯ ಹಿಂದಿನ ಗೋಡೌನಿನಲ್ಲಿ. ಟೈಲ್ಸ್ ಡಬ್ಬಗಳ ನಡುವೆ ನಿಂತು ಹೇಳಿದೆ. ಅವರು ಒಂದು ಡಬ್ಬದ ಮೇಲೆ ಕೂತುಬಿಟ್ಟರು.

"ಏನಂತೆ? ಕ್ಯಾನ್ಸರಾ?"

"ಗೊತ್ತಿಲ್ಲ ರೀ. ಸ್ಕ್ಯಾನ್ ಮಾಡಿಸ್ಬೇಕು."

"ನಿಂಗೆ ಗೊತ್ತಿರತ್ತಲ್ಲ. ದಿನಾ ನೋಡ್ತೀಯಲ್ಲ. ನೀನೇ ಹೇಳು."

"ನಂಗೊತ್ತಿಲ್ಲ."

ನಿಜವಾಗಿಯೂ ನನಗೆ ಗೊತ್ತಿರಲಿಲ್ಲ. ಆದರೆ ನನ್ನ ಮುಖ ಸುಮ್ಮನಿದ್ದುದನ್ನು ಕಂಡು ಅವರು ನಾನು ಏನನ್ನೋ ಮುಚ್ಚಿಡುತ್ತಿದ್ದೇನೆ ಅಂದುಕೊಂಡರು. ಆಮೇಲೆ ಬಹಳ ದಿನ ಅವರಿಗೆ ಆ ಅನುಮಾನ ಇತ್ತು.

ಎಂ.ಆರ್.ಐ ಆದದ್ದು ಹೆಬ್ಬಾಳದ ಹತ್ತಿರದ ಒಂದು ದೊಡ್ಡ ಆಸ್ಪತ್ರೆಯಲ್ಲಿ. ಆ ವಯಸ್ಸಿನ ಮಕ್ಕಳು ಅಷ್ಟು ಹೊತ್ತು ಅಲುಗದೆ ಮಲಗುವುದಿಲ್ಲ, ಹಾಗಾಗಿ ಮಂಪರು ಕೊಡಬೇಕು. ಮಂಪರು ಕೊಡಲು ಹೊಟ್ಟೆ ಖಾಲಿ ಇರಬೇಕು. ಬೆಳಿಗ್ಗೆಯಿಂದ ಮಗಳು ಹಾಲಿಗೆ ಅತ್ತಳು. ಫ್ಲೈಓವರಿನ ಮೇಲೆ ಗಾಡಿಗಳು ನಿಂತುಬಿಟ್ಟಿದ್ದವು. ಅವಳು ನನ್ನ ಕತ್ತಿನ ಚೈನನ್ನು ಬಾಯಿಗೆ ಹಾಕಿಕೊಂಡು ಚೀಪುತ್ತಾ, ಮತ್ತೆ ಅಳುತ್ತಾ ಇದ್ದಳು. ಗಂಡ ಹಾರ್ನ್ ಹೊಡೆಯುತ್ತಲೇ ಇದ್ದರು. ನಾನು ಕಿಟಕಿಯಾಚೆ ಕೆರೆ ನೋಡುತ್ತಿದ್ದೆ. ಅದರಲ್ಲಿ ನೀರಿತ್ತೋ ಬರೀ ಕಳೆಯಿತ್ತೋ ಈಗ ನೆನಪಿಗೆ ಬರುವುದಿಲ್ಲ.

ಮಂಪರಿನ ಸೂಜಿ ಹೋದ ಕೂಡಲೇ ಮಗಳ ತಲೆ ನನ್ನ ತೋಳಿನ ಮೇಲೆ ವಾಲಿತು. ಅವಳನ್ನು ನನ್ನ ಕೈಯಿಂದ ತೆಗೆದುಕೊಂಡರು. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ಕೂತೆ. ಆ ಯಂತ್ರದ ಸದ್ದು ನನಗೆ ಹೊಸದಲ್ಲ. ಟಕ ಟಕ ಎಂದು ಬಡಿಯುವುದು, ನಿಲ್ಲುವುದು, ಗರಗರ ಅನ್ನುವುದು, ಮತ್ತೆ ನಿಲ್ಲುವುದು. ತರಬೇತಿಯ ಕಾಲದಲ್ಲಿ ಅದನ್ನು ಕೇಳುತ್ತಲೇ ಊಟ ಮಾಡಿದ್ದೆವು. ಈಗ ಪ್ರತಿ ಸಲ ಸದ್ದು ನಿಂತಾಗಲೂ, ಬಣ್ಣದ ಔಷಧಿಯ ಇಂಜೆಕ್ಷನ್ ಕೊಡುತ್ತಿರಬೇಕು, ಇಲ್ಲವೇ ಮಗು ಅಲುಗಿರಬೇಕು ಅಂತ ಲೆಕ್ಕ ಹಾಕುತ್ತಿದ್ದೆ. ಗಂಡ ಎದ್ದು ಓಡಾಡುತ್ತಿದ್ದರು. "ಇಷ್ಟೊತ್ತು ಆಗತ್ತಾ?" ಎಂದು ಕೇಳುತ್ತಿದ್ದರು. "ಆಗತ್ತೆ" ಅನ್ನುತ್ತಿದ್ದೆ.

ಆ ಆಸ್ಪತ್ರೆಯ ಮಕ್ಕಳ ಮೂಳೆ ಡಾಕ್ಟರು ನನಗಿಂತ ಸ್ವಲ್ಪವೇ ದೊಡ್ಡ ಹೆಂಗಸು. ಚಿತ್ರಗಳನ್ನು ಒಂದೊಂದಾಗಿ ಉರುಳಿಸುತ್ತಾ ತೋರಿಸಿದರು. ಎಕ್ಸ್-ರೇಯಲ್ಲಿ ಬರಿ ತೂತಾಗಿ ಕಂಡದ್ದು ಇಲ್ಲಿ ಒಂದು ಸಣ್ಣ ಚೀಲದ ಹಾಗೆ ಕಂಡಿತು. ಒಳಗೆ ದ್ರವ, ಸುತ್ತ ಹೊಳೆಯುವ ಅಂಚು, ಅದರ ಸುತ್ತ ಮೂಳೆಯ ಮಜ್ಜೆಯೆಲ್ಲ ಊದಿಕೊಂಡಿತ್ತು. ಚೀಲದಿಂದ ಒಂದು ಸಣ್ಣ ದಾರಿ ಬೆಳೆಯುವ ಗೆರೆಯನ್ನು ದಾಟಿ ಆಚೆ ಹೋಗಿತ್ತು.

"ನೀವೂ ನಮ್ ಫೀಲ್ಡ್‌ನವ್ರೇ ಅಂತೆ" ಅಂದರು. "ಹಾಗಾಗಿ ನೇರವಾಗಿ ಹೇಳ್ತೀನಿ. ಇದು ಗೆಡ್ಡೆಗಿಂತ ಇನ್ಫೆಕ್ಷನ್ ಥರಾನೇ ಜಾಸ್ತಿ ಕಾಣ್ತಿದೆ. ಟಿ.ಬಿ ಇರ್ಬಹುದು. ಆದ್ರೆ ಚಿತ್ರ ನೋಡಿ ಪ್ರಾಮಿಸ್ ಮಾಡಕ್ಕಾಗಲ್ಲ. ಸ್ವಲ್ಪ ಕೆರೆದು ತೆಗೆದು ಟೆಸ್ಟ್‌ಗೆ ಕಳಿಸ್ಬೇಕು. ಮನೇಲಿ ಯಾರಿಗಾದ್ರೂ ಟಿ.ಬಿ ಇದ್ಯಾ? ಕೆಮ್ಮು?"

ಟಿ.ಬಿ ಎಂಬ ಮಾತು ಮನೆಗೆ ಬಂದಾಗ ಅತ್ತೆಗೆ ಮುಖಕ್ಕೆ ಹೊಡೆದಂತಾಯಿತು. "ನಮ್ ವಂಸದಲ್ಲೇ ಆ ಕಾಯ್ಲೆ ಇಲ್ಲ. ಯಾರ್ ಯೋಳಿದ್ದು?" ಎಂದು ಜಗಳಕ್ಕೇ ನಿಂತರು. ಡಾಕ್ಟರು ಹೇಳಿದ್ದರಿಂದ ಮನೆಯವರ ಎದೆಯ ಎಕ್ಸ್-ರೇ ಆಗಬೇಕಿತ್ತು. ನಾನೇ ತೆಗೆದೆ. ಅತ್ತೆ ಪ್ಲೇಟಿಗೆ ಎದೆ ಒತ್ತಿ, ಗದ್ದ ಮೇಲಕ್ಕೆತ್ತಿ ನಿಂತರು. "ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಬಿಡಿ." ಆಮೇಲೆ ಗಂಡ. ಆಮೇಲೆ ನನ್ನದನ್ನು ಜೊತೆಯ ಹುಡುಗಿ ತೆಗೆದಳು. ಮೂವರ ಎದೆಯೂ ಶುಭ್ರವಾಗಿತ್ತು.

ಹಾಗಾದರೆ ಎಲ್ಲಿಂದ ಬಂತು ಎಂಬುದು ಅತ್ತೆಯ ಮುಂದಿನ ಪ್ರಶ್ನೆ. ಮೇಲಿನ ಬಾಡಿಗೆ ಮನೆಯ ಹೆಂಗಸು ದಿನವೂ ಮಗಳನ್ನು ಎತ್ತಿಕೊಂಡು ಹೋಗಿ ಆಡಿಸುತ್ತಿದ್ದಳು. ಅವಳಿಗೆ ಚಳಿಗಾಲದಲ್ಲಿ ಕೆಮ್ಮು. ಅತ್ತೆ ಮೆಟ್ಟಿಲ ಗೇಟಿಗೆ ಚಿಲಕ ಹಾಕಿದರು. ಅವಳು ಒಮ್ಮೆ ಬಂದು ಗೇಟಿನಾಚೆಯಿಂದಲೇ "ಪಾಪು ಹೇಗಿದೆ ಅಮ್ಮಾ?" ಎಂದು ಕೇಳಿದಾಗ ಅತ್ತೆ "ಮಲ್ಕೊಂಡದೆ" ಎಂದು ಒಳಗೆ ಬಂದರು. ಮಗಳು ಮಲಗಿರಲಿಲ್ಲ. ಗೇಟಿನ ಕಡೆಗೆ ಕೈಚಾಚಿ ಕೂಗುತ್ತಿದ್ದಳು. ನನಗೆ ಅದು ತಪ್ಪು ಅನ್ನಿಸಿತು. ಆದರೆ ಬಾಯಿ ಬಿಟ್ಟು ಹೇಳುವಷ್ಟು ಯಾವುದೂ ನನ್ನನ್ನು ತಟ್ಟುತ್ತಿರಲಿಲ್ಲ. ಊಟ ಮಾಡು ಅಂದರೆ ಮಾಡುತ್ತಿದ್ದೆ. ಮಲಗು ಅಂದರೆ ಮಲಗುತ್ತಿದ್ದೆ. ನನ್ನ ಅಮ್ಮ ವಿದ್ಯಾರಣ್ಯಪುರದಿಂದ ಬಂದು ಎರಡು ದಿನವಿದ್ದು, ಹೋಗುವಾಗ, "ಒಂದ್ಸಲ ಅತ್ಬಿಡೇ, ಹಗುರ ಆಗತ್ತೆ" ಅಂದಳು. ಅಳುವುದಕ್ಕೆ ಏನು ಮಾಡಬೇಕು ಎಂದು ಯೋಚಿಸಿದೆ. ಹೊಳೆಯಲಿಲ್ಲ.

ಆಪರೇಷನ್ ಸಣ್ಣದೇ. ಮೂಳೆಯ ಮೇಲೆ ಚಿಕ್ಕ ಕಿಟಕಿ ಮಾಡಿ ಒಳಗಿದ್ದದ್ದನ್ನು ಕೆರೆದು ತೆಗೆದರು. ಮಗಳ ಕಾಲಿಗೆ ತೊಡೆಯವರೆಗೆ ಪಟ್ಟಿ ಹಾಕಿದರು. ಮೊದಲ ವರದಿ ಬೇಗ ಬಂತು. ಕ್ಯಾನ್ಸರ್ ಅಲ್ಲ. ಟಿ.ಬಿಯಲ್ಲಿ ಕಾಣುವಂಥ ಗಂಟುಗಳಿವೆ ಎಂದಿತ್ತು.

ಅದನ್ನು ಹೇಳಿದ್ದು ಆಸ್ಪತ್ರೆಯ ಎರಡನೇ ಮಹಡಿಯ ಕಾರಿಡಾರಿನಲ್ಲಿ. ಗಂಡ "ಥ್ಯಾಂಕ್ಸ್ ಮೇಡಂ, ಥ್ಯಾಂಕ್ಸ್ ಮೇಡಂ" ಎಂದು ಎರಡೂ ಕೈ ಜೋಡಿಸಿದರು. ಪಾರ್ಕಿಂಗಿಗೆ ಇಳಿದು ಕಾರಿನ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತರು. ಅವರ ಬೆನ್ನು ಸವರಿದೆ. ನನಗೆ ವಿಪರೀತ ಹಸಿವಾಗಿತ್ತು. ಕ್ಯಾಂಟೀನಿಗೆ ಹೋಗಿ ಇಡ್ಲಿ ವಡೆ ತಿಂದೆ, ಆಮೇಲೆ ಒಂದು ಮಸಾಲೆ ದೋಸೆ ತಿಂದೆ. ಎದುರಿಗೆ ಕೂತಿದ್ದ ಯಾರೋ ಹೆಂಗಸು ನನ್ನನ್ನೇ ನೋಡುತ್ತಿದ್ದರು. ಚಟ್ನಿ ಇನ್ನೊಂದು ಸಲ ಹಾಕಿಸಿಕೊಂಡೆ.

ಟಿ.ಬಿಯ ಔಷಧಿ ಶುರುವಾಯಿತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ ಎಂದು ನಾನು ಮೊದಲೇ ಹೇಳಿದ್ದರೂ, ಮಗಳ ಚಡ್ಡಿ ಬಿಚ್ಚಿದ ಅತ್ತೆ ರಕ್ತ ಎಂದು ಕಿರುಚಿಕೊಂಡು ಬೀದಿಗೇ ಓಡಿದರು. ದಿನವೂ ಬೆಳಿಗ್ಗೆ ಮಾತ್ರೆ ಪುಡಿ ಮಾಡಿ, ನೀರಿನಲ್ಲಿ ಕಲಸಿ, ಗಂಡ ಕೈ ಹಿಡಿದು, ನಾನು ಮೂಗು ಹಿಡಿದು ಕುಡಿಸಬೇಕಿತ್ತು. ಅರ್ಧ ನಮ್ಮ ಬಟ್ಟೆಯ ಮೇಲೆ ಬೀಳುತ್ತಿತ್ತು. ಆ ಕಲೆಗಳು ಈಗಲೂ ನನ್ನ ಎರಡು ನೈಟಿಗಳಲ್ಲಿವೆ.

ಇನ್ನೊಂದು ವರದಿ ಬರಲು ಬಹಳ ವಾರಗಳು ಹಿಡಿದವು. ಕೆರೆದು ತೆಗೆದದ್ದನ್ನು ಬೆಳೆಸಿ, ಯಾವ ಜಾತಿಯ ಕ್ರಿಮಿ ಎಂದು ದೂರದ ಪ್ರಯೋಗಾಲಯದಲ್ಲಿ ನೋಡುತ್ತಾರೆ. ಅದು ಬಂದ ದಿನ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ, ಬಾಗಿಲು ಮುಚ್ಚಲು ಹೇಳಿದರು.

"ಇದು ಮಾಮೂಲಿ ಟಿ.ಬಿ ಅಲ್ಲ" ಅಂದರು. "ಯಾರಿಂದಾನೂ ಅಂಟಿದ್ದಲ್ಲ. ಹುಟ್ಟಿದಾಗ ಟಿ.ಬಿ ಬರ್ದಿರ್ಲಿ ಅಂತ ಎಡತೋಳಿಗೆ ಬಿ.ಸಿ.ಜಿ ಲಸಿಕೆ ಹಾಕಿರ್ತಾರಲ್ಲ, ಅದರೊಳಗಿನ ಕ್ರಿಮಿ. ಅದು ಜೀವಂತ ಕ್ರಿಮಿನೇ, ಆದ್ರೆ ಶಕ್ತಿ ಕುಂದಿಸಿರೋದು. ಎಲ್ಲೋ ಅಪರೂಪಕ್ಕೆ ಒಂದು ಮಗೂನಲ್ಲಿ ಅದು ರಕ್ತದಲ್ಲಿ ಹೋಗಿ ಮೂಳೇಲಿ ಕೂತ್ಬಿಡತ್ತೆ. ತಿಂಗಳುಗಟ್ಲೆ ಸುಮ್ನಿದ್ದು ಆಮೇಲೆ ಹೀಗೆ ಕಾಣಿಸ್ಕೊಳತ್ತೆ. ನಾನು ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ನೋಡ್ತಿರೋದು ಇದೇ ಮೊದಲು."

"ಅಂದ್ರೆ ನಾವೇ ದುಡ್ಡು ಕೊಟ್ಟು ಹಾಕ್ಸಿದ್ವಾ ಮೇಡಂ ಇದನ್ನ?" ಅಂದರು ಗಂಡ.

"ಹಾಗಲ್ಲ ಸರ್. ನೀವು ಹಾಕಿಸಿದ್ದು ಸರೀನೇ. ಎಲ್ಲ ತಂದೆ ತಾಯಿನೂ ಹಾಕಿಸ್ತಾರೆ. ಯಾರ ತಪ್ಪೂ ಇಲ್ಲ ಇದ್ರಲ್ಲಿ."

ಯಾರ ತಪ್ಪೂ ಇಲ್ಲ ಎಂಬ ಮಾತನ್ನು ಗಂಡ ಬಹಳ ದಿನ ನುಂಗಲಾರದೆ ಒದ್ದಾಡಿದರು. ಅವರಿಗೆ ಯಾರಾದರೊಬ್ಬರ ಮೇಲೆ ಸಿಟ್ಟು ಮಾಡಬೇಕಿತ್ತು. ಟೈಲ್ ಒಡೆದು ಬಂದರೆ ಕಂಪನಿಯವನ ಮೇಲೆ ಕೂಗಾಡಬಹುದು. ಇಲ್ಲಿ ಯಾರ ಮೇಲೆ? ಹುಟ್ಟಿದ ಮಗುವಿಗೆ ಸೂಜಿ ಹಾಕಿದ ನರ್ಸಮ್ಮನ ಮುಖವೂ ನಮಗೆ ನೆನಪಿರಲಿಲ್ಲ. ನನಗೆ ಸಿಟ್ಟೂ ಬರಲಿಲ್ಲ. ಆದರೆ ಬಸ್ಸಿನಲ್ಲಿ ಕೂತಾಗ ಜನರ ಎಡತೋಳು ಕಣ್ಣಿಗೆ ಬೀಳತೊಡಗಿತು. ತೋಳಿಲ್ಲದ ಕುರ್ತಾ ಹಾಕಿದ ಕಾಲೇಜು ಹುಡುಗಿಯರು, ರವಿಕೆಯ ತೋಳು ಮೇಲೆ ಸರಿದ ಹೂವಿನವಳು, ಬನಿಯನ್ನಿನಲ್ಲಿ ನಿಂತು ಹಲ್ಲುಜ್ಜುವ ಗಾರೆಯವರು. ಎಲ್ಲರ ತೋಳಿನಲ್ಲೂ ಅದೇ ಸಣ್ಣ ಗುಳಿಬಿದ್ದ ಗುರುತು. ಇಷ್ಟು ಜನರನ್ನು ಹಾದುಹೋದದ್ದು ನಮ್ಮ ಮನೆಯಲ್ಲಿ ನಿಂತಿತು. ಯಾಕೆ ಎಂದು ಕೇಳಿಕೊಳ್ಳಲಿಲ್ಲ. ಬರೀ ನೋಡುತ್ತಿದ್ದೆ.

ಅತ್ತೆಗೆ ಈ ಸುದ್ದಿಯನ್ನು ಬಿಡಿಸಿ ಹೇಳಲು ಒಂದು ಸಂಜೆ ಪೂರ್ತಿ ಬೇಕಾಯಿತು. ಕೊನೆಗೆ ಅವರು ಕೇಳಿದ್ದು ಒಂದೇ: "ಅಂಗಾರೆ ಮ್ಯಾಗಿನವ್ಳದ್ದೇನೂ ಇಲ್ವಾ?" ಇಲ್ಲ ಅಂದೆ. ಮಾರನೆಯ ದಿನ ಬಸ್ಸಾರು ಮಾಡಿ, ಸ್ಟೀಲ್ ಡಬ್ಬಿಗೆ ಹಾಕಿ, ಮುದ್ದೆಯ ಜೊತೆ ತಾವೇ ಹಿಡಿದುಕೊಂಡು ಮೇಲಕ್ಕೆ ಹೋದರು. ಮಂಡಿ ನೋವಿನ ಅತ್ತೆ ಆ ಮೆಟ್ಟಿಲು ಹತ್ತಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಅಲ್ಲಿ ಏನು ಮಾತಾಡಿದರೋ ತಿಳಿಯದು. ಇಳಿದು ಬರುವಾಗ ಗೇಟಿನ ಚಿಲಕ ತೆಗೆದೇ ಬಂದರು. ಆ ಹೆಂಗಸು ಎರಡು ದಿನ ಕೆಳಗೆ ಇಳಿಯಲಿಲ್ಲ. ಮೂರನೆಯ ದಿನ ಬಂದು ಪಟ್ಟಿ ಹಾಕಿದ ಕಾಲನ್ನು ಮುಟ್ಟದ ಹಾಗೆ ಮಗಳನ್ನು ಎತ್ತಿಕೊಂಡಳು.

ಡಾಕ್ಟರು ಔಷಧಿಗಳಲ್ಲಿ ಒಂದನ್ನು ತೆಗೆದರು. ಆ ಕ್ರಿಮಿಗೆ ಅದು ಹಿಡಿಯುವುದಿಲ್ಲವಂತೆ. ಉಳಿದವನ್ನು ವರ್ಷದುದ್ದಕ್ಕೂ ಕೊಡಬೇಕು ಅಂದರು. ಜೊತೆಗೆ ಮಗಳ ದೇಹದ ತಡೆಯುವ ಶಕ್ತಿಯಲ್ಲೇ ಹುಟ್ಟಿನಿಂದ ಏನಾದರೂ ಕೊರತೆ ಇದೆಯೇ ಎಂದು ರಕ್ತ ಪರೀಕ್ಷೆಗಳಾದವು. ಕೊರತೆ ಇದ್ದರೆ ಮುಂದಿನ ದಾರಿಯೇ ಬೇರೆ. ಆ ವರದಿಗಳಿಗೆ ಕಾಯುತ್ತಿದ್ದಾಗ ಗಂಡ ಊಟ ಬಿಟ್ಟರು, ಅತ್ತೆ ಹರಕೆ ಹೊತ್ತರು. ನಾನು ಕೆಲಸಕ್ಕೆ ಹೋದೆ. ಮಕ್ಕಳ ಕಾಲು ನೇರ ಮಾಡಿದೆ. ಒಬ್ಬ ತಾಯಿ ನನ್ನ ತೋಳು ಹಿಡಿದು, "ಏನಾದ್ರೂ ಕಾಣ್ತಿದ್ಯಾ ಮೇಡಂ, ಹೇಳಿ ಪ್ಲೀಸ್" ಎಂದು ಕೇಳಿದಾಗ ಅವಳ ಮಗುವಿನ ಚಿತ್ರದಲ್ಲಿ ಏನೂ ಇರಲಿಲ್ಲ. ಏನೂ ಇಲ್ಲ ಎಂದು ಹೇಳಿಬಿಡಬಹುದಿತ್ತು. "ಡಾಕ್ಟರ್ ಹೇಳ್ತಾರಮ್ಮ" ಅಂದೆ.

ಮಗಳ ರಕ್ತದಲ್ಲಿ ಕೊರತೆಯೇನೂ ಸಿಗಲಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ಅವಳು ಎರಡನೇ ಸಲ ನಡೆಯಲು ಕಲಿತಳು. ಮೊದಲನೇ ಸಲದ ವೀಡಿಯೋಗಳು ಎಲ್ಲರ ಫೋನಿನಲ್ಲೂ ಇವೆ. ಎರಡನೆಯದನ್ನು ಯಾರೂ ತೆಗೆಯಲಿಲ್ಲ. ಕುಂಟು ಬಹಳ ತಿಂಗಳು ಉಳಿಯಿತು. ಆಗಾಗ ಎಕ್ಸ್-ರೇ ಆಗುತ್ತಿತ್ತು. ಪ್ರತಿಯೊಂದನ್ನೂ ನಾನೇ ತೆಗೆದೆ. ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ, ಪ್ರೀತಿಯಿಂದಲ್ಲ. ನಾನು ತೆಗೆದರೆ ಒಂದೇ ಸಲಕ್ಕೆ ಸಿಗುತ್ತಿತ್ತು, ಮಗಳಿಗೆ ಎರಡನೇ ಸಲ ಕಿರಣ ಬೀಳುತ್ತಿರಲಿಲ್ಲ. ತೂತಿನ ಅಂಚು ಮೊದಲು ಬೆಳ್ಳಗಾಯಿತು. ಆಮೇಲೆ ಒಳಗೆ ಮಬ್ಬು ತುಂಬತೊಡಗಿತು. ವರ್ಷ ಮುಗಿಯುವ ಹೊತ್ತಿಗೆ ಅಲ್ಲಿ ಮೂಳೆಯಿತ್ತು. ಒಂದಿಷ್ಟು ಒರಟಾಗಿ, ತೇಪೆ ಹಾಕಿದ ಹಾಗೆ, ಆದರೂ ಮೂಳೆಯೇ.

ನಮ್ಮ ಡಾಕ್ಟರು ಅವತ್ತು ನನ್ನನ್ನು ಮೇಲಕ್ಕೆ ಕರೆದು, ಮೊದಲ ಚಿತ್ರವನ್ನೂ ಕೊನೆಯದನ್ನೂ ಅಕ್ಕಪಕ್ಕ ಇಟ್ಟರು. ಅವರ ಕಣ್ಣಲ್ಲಿ ನೀರಿತ್ತು.

"ನೋಡಮ್ಮ, ಎಷ್ಟು ಚೆನ್ನಾಗಿ ತುಂಬ್ಕೊಂಡಿದೆ. ಹೀಗೆ ತುಂಬ್ಕೊಳ್ಳೋದನ್ನ ನೋಡೋಕೇ ಖುಷಿ."

"ಹೌದು ಸರ್."

"ಡಾಕ್ಟರ್‌ಗಳ ಒಂದು ಮೀಟಿಂಗ್ ಇದೆ. ಹೆಸರು ಹಾಕದೆ ಈ ಚಿತ್ರಗಳನ್ನ ತೋರಿಸ್ಲಾ? ಮುಂದೆ ಬೇರೆ ಮಗೂಗೆ ಹೀಗಾದ್ರೆ ಯಾರಿಗಾದ್ರೂ ಹೊಳೀಬಹುದು. ನಿಮ್ ಮನೇಲಿ ಕೇಳ್ಕೊಂಡು ಹೇಳು."

ಗಂಡ ಆಗಲಿ ಅಂದರು. ಯಾವುದೋ ಹೋಟೆಲಿನ ಹಾಲ್‌ನಲ್ಲಿ, ನಾನು ನೋಡದ ಜನರ ಮುಂದೆ, ನನ್ನ ಮಗಳ ಮೊಣಕಾಲು ಗೋಡೆಯಷ್ಟು ದೊಡ್ಡದಾಗಿ ಬಿದ್ದಿತು. ಮೇಲೆ ಇಷ್ಟು ವಯಸ್ಸಿನ ಹೆಣ್ಣು ಮಗು ಎಂದಷ್ಟೇ ಬರೆದಿದ್ದರಂತೆ. ಬಹಳ ಜನ ಪ್ರಶ್ನೆ ಕೇಳಿದರು ಎಂದು ಡಾಕ್ಟರು ಬಂದು ಹೇಳಿದರು. ನಾನು ಥ್ಯಾಂಕ್ಸ್ ಸರ್ ಅಂದೆ. ಖುಷಿ ಪಡಬೇಕಾದ ಹೊತ್ತು ಅದು ಎಂದು ತಿಳಿದಿತ್ತು. ಪರರ ಮನೆಯ ಮದುವೆಯ ಊಟದಲ್ಲಿ ಕೂತಂತೆ, ಎಲ್ಲವನ್ನೂ ಬಡಿಸುತ್ತಿದ್ದರು, ನನ್ನ ಎಲೆಗೂ ಬೀಳುತ್ತಿತ್ತು, ರುಚಿ ಮಾತ್ರ ಹತ್ತಲಿಲ್ಲ.

ಔಷಧಿ ನಿಂತ ಕೆಲವು ತಿಂಗಳಿಗೆ ನಾದಿನಿ ಬಾಣಂತನಕ್ಕೆ ತವರಿಗೆ ಬಂದಳು. ಗಂಡು ಮಗು. ಹೆರಿಗೆ ಆಸ್ಪತ್ರೆಯಲ್ಲಿ ಬಿ.ಸಿ.ಜಿ ಹಾಕಲು ಬಂದಾಗ ಅವಳು ಆಮೇಲೆ ಹಾಕಿಸುತ್ತೇವೆ ಎಂದು ಹೇಳಿ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಮನೆಯಲ್ಲಿ ಎಲ್ಲರೂ ಅದರ ಬಗ್ಗೆ ಮಾತಾಡುತ್ತಿದ್ದರು, ನಾನು ಬಂದ ಕೂಡಲೇ ನಿಲ್ಲಿಸುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾದಿನಿ ನೇರವಾಗಿ ಕೇಳಿಬಿಟ್ಟಳು.

"ಅತ್ತಿಗೆ, ನೀವೇ ಹೇಳಿ. ಹಾಕಿಸ್ಲಾ, ಬೇಡ್ವಾ?"

"ಬೇಡ" ಅಂದರು ನನ್ನ ಗಂಡ, ನಾನು ಬಾಯಿ ತೆರೆಯುವ ಮೊದಲೇ. "ನಮ್ ಮನೇಲಿ ಒಂದ್ ಮಗು ಅನುಭವಿಸಿದ್ದು ಸಾಕು."

ನಾನು ಮಗುವನ್ನು ನೋಡಿದೆ. ಅತ್ತೆ ಅದನ್ನು ಕಾಲಮೇಲೆ ಮಲಗಿಸಿಕೊಂಡು ತಲೆ ತಟ್ಟುತ್ತಿದ್ದರು.

"ಹಾಕಿಸು" ಅಂದೆ.

ಗಂಡ ನನ್ನತ್ತ ತಿರುಗಿದರು.

"ನಮ್ ಸೆಂಟರ್‌ಗೆ ತಲೆ ಸ್ಕ್ಯಾನ್‌ಗೆ ಮಕ್ಕಳು ಬರ್ತವೆ ರೀ. ಮಿದುಳಿಗೆ ಟಿ.ಬಿ ಹತ್ತಿರೋ ಮಕ್ಕಳು. ಕಣ್ಣು ಒಂದ್ಕಡೆ ನಿಂತ್ಬಿಟ್ಟಿರತ್ತೆ. ಅಮ್ಮ ಕರೆದ್ರೆ ತಿರುಗಲ್ಲ. ಆ ಚಿತ್ರ ನಾನು ನೋಡಿದೀನಿ. ಈ ಸೂಜಿ ಇರೋದು ಅದಕ್ಕೆ. ನಮ್ಮವಳಿಗೆ ಆಗಿದ್ದು ಎಲ್ಲೋ ಒಂದ್ ಮಗೂಗೆ ಆಗೋದು, ವಾಸಿಯೂ ಆಯ್ತು. ಮಿದುಳಿಂದು ಹಾಗೆ ವಾಸಿ ಆಗಲ್ಲ."

ಅಷ್ಟುದ್ದ ನಾನು ಮಾತಾಡಿ ಬಹಳ ಕಾಲವಾಗಿತ್ತು. ಹೆಬ್ಬಾಳದ ಡಾಕ್ಟರನ್ನೂ ಒಮ್ಮೆ ಕೇಳೋಣ ಎಂದು ಸೇರಿಸಿದೆ. ಅವರು ನನ್ನ ಮಗಳ ರಕ್ತದ ವರದಿಗಳನ್ನು ಮತ್ತೆ ತಿರುವಿ ನೋಡಿ, ನಾದಿನಿಯ ಗಂಡನ ಮನೆಯ ಕಡೆ ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳೇನಾದರೂ ಇದ್ದಾರೆಯೇ ಎಂದು ವಿಚಾರಿಸಿ, ಧಾರಾಳವಾಗಿ ಹಾಕಿಸಿ ಅಂದರು.

ಗುರುವಾರ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕುತ್ತಾರೆ. ನಾದಿನಿ ಬಾಗಿಲವರೆಗೆ ಬಂದು, ನನ್ನ ಕೈಯಲ್ಲಾಗಲ್ಲ ಎಂದು ಬೆಂಚಿನ ಮೇಲೆ ಕೂತಳು. ಮಗುವನ್ನು ನಾನೇ ತೊಡೆಯ ಮೇಲಿಟ್ಟುಕೊಂಡು ಎಡತೋಳು ಬಿಚ್ಚಿದೆ. ನರ್ಸಮ್ಮ ಇನ್ನೂ ಚಿಕ್ಕ ವಯಸ್ಸಿನವಳು. "ಗಟ್ಟಿಯಾಗಿ ಹಿಡ್ಕೊಳ್ಳಿ ಅಕ್ಕ, ಅಲುಗಾಡಿದ್ರೆ ಚರ್ಮದ ಕೆಳಗೆ ಹೋಗ್ಬಿಡತ್ತೆ" ಅಂದಳು. ಹಿಡಿದುಕೊಂಡೆ. ಸೂಜಿಯ ತುದಿ ಚರ್ಮದ ಮೇಲ್ಪದರದೊಳಗೆ ಹೊಕ್ಕು ಮದ್ದು ಇಳಿದ ಕೂಡಲೇ ಬೆಳ್ಳಗಿನ ಸಣ್ಣ ಉಬ್ಬು ಎದ್ದಿತು. ಮಗು ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಕಿರುಚಿತು. ಉಜ್ಜಬೇಡಿ ಎಂದಳು ಅವಳು. ಹೊರಗೆ ಬಂದು ಮಗುವನ್ನು ನಾದಿನಿಗೆ ಕೊಟ್ಟ ಮೇಲೆ ನೋಡಿದರೆ ನನ್ನ ಬೆನ್ನಿನ ಬಟ್ಟೆಯೆಲ್ಲ ಬೆವರಿನಿಂದ ತೊಯ್ದು ಹೋಗಿತ್ತು.

ಕೆಲವು ವಾರಗಳಾದ ಮೇಲೆ ಆ ಜಾಗದಲ್ಲಿ ಗುಳ್ಳೆ ಎದ್ದಿತು. ಏಳಲೇಬೇಕಾದ ಗುಳ್ಳೆ ಅದು, ಎಲ್ಲ ಮಕ್ಕಳಿಗೂ ಏಳುವಂಥದ್ದು. ಆದರೆ ನಮ್ಮ ಮನೆಯಲ್ಲಿ ಅದನ್ನು ನೋಡದೆ ಯಾರಿಗೂ ಬೆಳಗಾಗುತ್ತಿರಲಿಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ನೋಡುವರು. ಗಂಡ ಅಂಗಡಿಗೆ ಹೊರಡುವ ಮುಂಚೆ ಮೊಬೈಲಿನ ಟಾರ್ಚ್ ಬಿಟ್ಟು ನೋಡುವರು. ನಾನು ಕಂಕುಳಲ್ಲಿ ಗಂಟು ಕಟ್ಟಿದೆಯೇ ಎಂದು ಬೆರಳಾಡಿಸುತ್ತಿದ್ದೆ. ನನ್ನ ಮಗಳು ಬಂದು ನಡುವೆ ತಲೆ ತೂರಿಸಿ, "ಏನ್ ನೋಡ್ತಿದೀರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಗೆ ಓಡುತ್ತಿದ್ದಳು. ಗುಳ್ಳೆ ಒಡೆಯಿತು, ಒಣಗಿತು, ಹಕ್ಕಳೆ ಉದುರಿತು.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಕಾಲುಗಳ ಉದ್ದದಲ್ಲಿ ವ್ಯತ್ಯಾಸ ಬರಬಹುದು ಎಂದು ವರ್ಷಕ್ಕೊಮ್ಮೆ ಅಳೆಸಬೇಕು. ಈವರೆಗೆ ಬಂದಿಲ್ಲ. ಮೊನ್ನೆ ಅವಳು ಬೀದಿಯಲ್ಲಿ ಮಕ್ಕಳ ಜೊತೆ ಓಡುವಾಗ ಬಿದ್ದು ಎರಡೂ ಮಂಡಿ ತರಚಿಕೊಂಡು, ಬಾಯಿ ಅಗಲಿಸಿ ಅಳುತ್ತಾ ನನ್ನ ಹತ್ತಿರ ಬಂದಳು. ಮಣ್ಣು ತೊಳೆದು ಮುಲಾಮು ಹಚ್ಚಿದೆ. "ಉರೀತಿದೆ ಅಮ್ಮಾ" ಎಂದಳು. ಊದಿದೆ. ಅವಳು ಅಳು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಊದುತ್ತಲೇ ಇದ್ದೆ. "ಸಾಕಮ್ಮಾ" ಎಂದು ಕಾಲು ಬಿಡಿಸಿಕೊಂಡು ಅವಳು ಮತ್ತೆ ಬೀದಿಗೆ ಹೋದಳು.